ಬಿಳಿ ಅಂಗಿಯ ಸಹವಾಸ

ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟ ಗಂಡಸು ಎದುರಿಗೆ ಬಂದರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಮದುವೆ ಮನೆಯಲ್ಲಿ ಅಂಥವರು ಪಕ್ಕದ ಎಲೆಗೆ ಕೂತರೆ ಊಟ ಸೇರುವುದಿಲ್ಲ. ಬಿಳಿ ಎಂದರೆ ಶಾಂತಿಯ ಬಣ್ಣವಲ್ಲವೇ, ಅದರ ಮೇಲೆ ನಿಮಗೆಂಥ ಹಗೆ ಎಂದು ನಗುವವರಿದ್ದಾರೆ. ಅವರ ಮನೆಯಲ್ಲಿ ಆ ಬಟ್ಟೆ ಒಗೆಯುವವರು ಬೇರೆ ಯಾರೋ ಇರಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕಟ್ಟಿದವಳು ಖಂಡಿತ ಒಬ್ಬ ಹೆಂಗಸೇ, ಅದೂ ಒಗೆಯುವ ಕಲ್ಲಿನ ಮುಂದೆ ನಿಂತಿದ್ದಾಗ.

ಹೊಲದಲ್ಲಿ ದುಡಿಯುವವರ ಬಿಳಿಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತವರು ಹರಪನಹಳ್ಳಿ ತಾಲ್ಲೂಕಿನಲ್ಲಿ, ಬಾಗಳಿ ಹತ್ತಿರದ ಹಳ್ಳಿ. ನಮ್ಮಪ್ಪ ತೊಡುತ್ತಿದ್ದುದೂ ಬಿಳಿ ಧೋತರ, ಬಿಳಿ ಅಂಗಿಯೇ. ಆದರೆ ಅದು ತೊಟ್ಟ ಅರ್ಧ ದಿನಕ್ಕೆ ಮಣ್ಣಿನ ಬಣ್ಣಕ್ಕೆ ತಿರುಗಿ, ಹೆಗಲ ಮೇಲೆ ಗಾಡಿಯ ಕೀಲೆಣ್ಣೆ, ತೋಳಿನ ಮೇಲೆ ಎತ್ತಿನ ಜೊಲ್ಲು ಅಂಟಿಸಿಕೊಂಡು ಮನೆಗೆ ಬರುತ್ತಿತ್ತು. ನಾನು ಹೇಳುತ್ತಿರುವುದು ಇನ್ನೊಂದು ಬಿಳಿಯ ಮಾತು. ಗಂಜಿ ಹಾಕಿಸಿಕೊಂಡು, ನೀಲಿ ಕುಡಿದು, ಸೊಂಟ ಬಗ್ಗಿಸದೆ, ನಾನು ಕೆಲಸ ಮಾಡುವವನಲ್ಲ ಮಾಡಿಸುವವನು ಎಂದು ಊರಿಗೆಲ್ಲ ಸಾರುತ್ತಾ ಓಡಾಡುವ ಬಿಳಿ. ಅದು ನಮ್ಮ ಮನೆಗೂ ಬಂತು. ಬರುವುದಕ್ಕೆ ಮುಂಚೆ ನಮ್ಮ ಮನೆ ಹೇಗಿತ್ತು ಎಂದು ಮೊದಲು ಹೇಳುತ್ತೇನೆ.

ನನ್ನ ಗಂಡನಿಗೆ ಕೊಟ್ಟೂರಿನಲ್ಲಿ ಒಂದು ಮ್ಯಾಚಿಂಗ್ ಸೆಂಟರ್ ಇತ್ತು. ರವಿಕೆ ಬಟ್ಟೆ, ಲೈನಿಂಗು, ಸೀರೆಗೆ ಹಚ್ಚುವ ಫಾಲು, ಲಂಗದ ಬಟ್ಟೆ ಮಾರುವ ಅಂಗಡಿ. ನೆಲದಿಂದ ಮಾಳಿಗೆಯವರೆಗೆ ಬರೀ ಬಣ್ಣ. ತೊಂಬತ್ತರ ದಶಕದ ನಡುವಿನಲ್ಲಿ ಅವರು ನನ್ನನ್ನು ನೋಡಲು ನಮ್ಮೂರಿಗೆ ಬಂದಾಗ ತೊಟ್ಟಿದ್ದು ಉಳ್ಳಾಗಡ್ಡಿ ಸಿಪ್ಪೆ ಬಣ್ಣದ ಅಂಗಿ. ನಮ್ಮ ಕಡೆ ಗಂಡಸರು ಅಂಥ ಬಣ್ಣ ಮುಟ್ಟುತ್ತಿರಲಿಲ್ಲ. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು ಎದ್ದು ಹೋದ ಮೇಲೆ ನಮ್ಮಪ್ಪ ಮುಖ ಸಿಂಡರಿಸಿಕೊಂಡು, "ಬಯಲಾಟ ಮುಗಿಸಿ ವೇಷ ಕಳಚದ ಬಂದಾನೇನ ಇವ" ಎಂದರು. ನಾನು ಅಡುಗೆಮನೆಯಲ್ಲಿ ಅವ್ವನ ಕಿವಿಯಲ್ಲಿ ಒಪ್ಪಿಗೆ ಹೇಳಿದ್ದು ಆ ಅಂಗಿಯನ್ನು ನೋಡಿಯೇ. ಊರೇನು ಅಂದೀತು ಎಂದು ಹೆದರದೆ ತನಗೆ ಬೇಕಾದ ಬಣ್ಣ ತೊಡುವವನು ಹೆಂಡತಿಗೂ ಅಷ್ಟು ಸ್ವಾತಂತ್ರ್ಯ ಕೊಟ್ಟಾನು ಎಂದು ನನ್ನ ಲೆಕ್ಕ. ಕೆಲವು ವರ್ಷಗಳ ಮಟ್ಟಿಗೆ ಆ ಲೆಕ್ಕ ತಪ್ಪಲಿಲ್ಲ.

ಮದುವೆಯಾದ ಮೇಲೆ ನಾನೂ ಅಂಗಡಿಯಲ್ಲಿ ಕೂರತೊಡಗಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೆಂಗಸರು ಸೀರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಸ್ಸಿಳಿದು ಬರುತ್ತಿದ್ದರು. ನನ್ನ ಗಂಡ ಅದಕ್ಕೆ ಒಪ್ಪುವ ತುಂಡನ್ನು ತೆಗೆದು, "ಟ್ಯೂಬ್‌ಲೈಟು ಸುಳ್ಳು ಹೇಳತೈತಿ, ಬಿಸಿಲಿಗೆ ಬರ್ರಿ" ಎಂದು ಅವರನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ತೋರಿಸುವರು. ರಾಮಾ ಹಸಿರು, ಗಿಣಿ ಹಸಿರು, ಪಾಚಿ ಹಸಿರು ಎಲ್ಲ ಬೇರೆ ಬೇರೆ ಎಂದು ನನಗೆ ಗೊತ್ತಾಗಿದ್ದು ಅಲ್ಲಿಯೇ. ಗಂಧದ ಬಣ್ಣ ಕೇಳಿ ಬಂದವಳಿಗೆ ಮೆಂತ್ಯದ ಬಣ್ಣ ಕಟ್ಟಿ ಕಳಿಸಿದರೆ ನನ್ನ ಗಂಡನ ಕೈಯಲ್ಲಿ ಬೈಸಿಕೊಳ್ಳಬೇಕಾಗುತ್ತಿತ್ತು.

ಬಣ್ಣದ ಅಂಗಡಿಯಲ್ಲಿ ಕೂತವರಿಗೆ ಜನರ ಹೇಸಿಗೆ ಬುದ್ಧಿ ಬಲು ಬೇಗ ಕಾಣುತ್ತದೆ. ಹುಡುಗಿ ಕಪ್ಪಗಿದ್ದರಂತೂ ಮುಗಿಯಿತು. ಜೊತೆಗೆ ಬಂದವರೆಲ್ಲ ಆಕೆಯ ಎದುರಿಗೇ ನಿಂತು, ಯಾವ ಬಣ್ಣ ಹಾಕಿದರೆ ಆಕೆ ಸ್ವಲ್ಪ ಕಡಿಮೆ ಕಪ್ಪಗೆ ಕಂಡಾಳು ಎಂದು ಚರ್ಚಿಸುವರು, ಸಂತೆಯಲ್ಲಿ ಎಮ್ಮೆ ನೋಡುವವರ ಹಾಗೆ. ಒಮ್ಮೆ ಹೊಸಹಳ್ಳಿ ಕಡೆಯ ಅತ್ತೆಯೊಬ್ಬಳು ಸೊಸೆಯನ್ನು ಕರೆತಂದಿದ್ದಳು. ಸೊಸೆಯ ಕಣ್ಣು ಒಂದೇ ಸಮನೆ ಕೆಂಪು ತುಂಡಿನ ಮೇಲಿತ್ತು.

"ಕೆಂಪು ತೆಗೀಬ್ಯಾಡ್ರಿ. ನಮ್ ಸೊಸಿ ಕರ್ರಗದಾಳ. ತಿಳಿ ಬಣ್ಣ ಏನರ ಕೊಡ್ರಿ" ಎಂದಳು ಅತ್ತೆ.

"ನಿಮ್ಮೂರಾಗ ಅಮ್ಮನ ಗುಡಿ ಐತೇನವ್ವ?" ಎಂದರು ನನ್ನ ಗಂಡ.

"ಐತ್ರಿ."

"ಮೂರ್ತಿ ಎಂಥಾದು?"

"ಕರೀ ಕಲ್ಲಿಂದು."

"ಆಕಿಗೆ ಎಂಥ ಸೀರಿ ಉಡಸ್ತೀರಿ?"

ಅತ್ತೆ ಕೆಂಪು ತುಂಡಿನ ಕಡೆ ನೋಡಿದಳು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೊನೆಗೆ ಕೆಂಪನ್ನೇ ಕೊಂಡರು. ಆವತ್ತು ನನಗೆ ನನ್ನ ಗಂಡನ ಮೇಲೆ ಉಕ್ಕಿದ ಪ್ರೀತಿಯನ್ನು ಮುಚ್ಚಿಟ್ಟುಕೊಳ್ಳುವುದು ಕಷ್ಟವಾಗಿತ್ತು. ಮಗಳು ಹುಟ್ಟಿದ ಮೇಲೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ವ್ಯಾಪಾರ ಮಾಡುವರು. ಅವಳ ಮೂಗು, ಬಾಯಿ, ಅಂಬೆಗಾಲಿನ ಧೂಳು ಎಲ್ಲ ಅವರ ಬಣ್ಣದ ಅಂಗಿಗೆ ಒರೆಸಿ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಕಡೆ ಗಾಳಿ ಬದಲಾಯಿತು. ಕಬ್ಬಿಣದ ಅದಿರಿನ ಲಾರಿಗಳು ಶುರುವಾದವು. ಹೊಸಪೇಟೆ ರಸ್ತೆಯ ಬದಿಯ ಬೇವಿನ ಮರಗಳ ಎಲೆ ಅದಿರಿನ ಧೂಳಿಗೆ ಕೆಂಪಾಗುತ್ತಾ ಹೋದಂತೆ ಕೂಡ್ಲಿಗಿ ಸರ್ಕಲ್ಲಿನಲ್ಲಿ ನಿಲ್ಲುವವರ ಅಂಗಿ ಬೆಳ್ಳಗಾಗುತ್ತಾ ಹೋಯಿತು. ಅದಿರಿನ ದುಡ್ಡಿನಲ್ಲಿ ಊರಿಗೊಬ್ಬ ಧಣಿ ಹುಟ್ಟಿಕೊಂಡ. ಅಂಥ ಒಬ್ಬ ಧಣಿಯ ಮನೆಯ ಮದುವೆಗೆ ರವಿಕೆ ಬಟ್ಟೆ ನಮ್ಮ ಅಂಗಡಿಯಿಂದ ಹೋಯಿತು. ಕೊಡಲು ಹೋದ ನನ್ನ ಗಂಡನನ್ನು ಧಣಿ ಕೂರಿಸಿ ಮಾತಾಡಿಸಿದನಂತೆ. ಅವತ್ತು ಇವರು ತೊಟ್ಟಿದ್ದು ಗಿಣಿ ಹಸಿರು ಅಂಗಿ. ಧಣಿ ಸುತ್ತ ಇದ್ದವರ ಕಡೆ ತಿರುಗಿ, "ಏನಲೇ ಇವ, ಕಾಮನ ಹುಣ್ಣಿಮಿ ಮುಗದು ಬಾಳ ದಿನ ಆತಲ್ಲ" ಎಂದನಂತೆ. ಬಿಳಿ ಅಂಗಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವಂತೆ.

ಇದನ್ನು ಮನೆಗೆ ಬಂದು ಇವರೇ ಹೇಳಿದರು, ಅದೂ ನಗುತ್ತಾ. ನಗು ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ. ಊರಿನ ನಿಂದೆಗೆ, ಮಾವನ ಮೂದಲಿಕೆಗೆ ಜಗ್ಗದ ಮನುಷ್ಯ ಒಬ್ಬ ಧಣಿಯ ಒಂದು ಚಾಷ್ಟಿಗೆ ನೆಲ ಕಚ್ಚಿಬಿಟ್ಟ. ಮರುದಿನ ಅಂಗಡಿಯಲ್ಲಿ ಲೈನಿಂಗಿಗೆಂದು ಇಟ್ಟಿದ್ದ ಬಿಳಿ ಕಾಟನ್ನಿನ ಪಕ್ಕದಲ್ಲಿ ಅಂಗಿಗೆ ಆಗುವಂಥ ಬಿಳಿ ಬಟ್ಟೆಯ ತಾನೊಂದು ಬಂದು ಕೂತಿತು. ದರ್ಜಿ ಅಳತೆ ತೆಗೆದುಕೊಂಡು ಹೋದ. ಮೊದಲು ಒಂದು ಜೊತೆ, ಧಣಿಯ ಮನೆಗೆ ಹೋಗಲಿಕ್ಕೆ. ಆಮೇಲೆ ಎಲ್ಲದಕ್ಕೂ. ಹಳೆಯ ಅಂಗಿಗಳನ್ನು ಪಾತ್ರೆಯವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತಗೋ ಎಂದರು. ನಾನು ಕೊಡಲಿಲ್ಲ, ಒರೆಸುವ ಬಟ್ಟೆ ಮಾಡಿಕೊಂಡೆ. ಕಡೆಯ ಪಕ್ಷ ನೆಲವಾದರೂ ಬಣ್ಣ ಕಾಣಲಿ ಎಂದು.

ಬಿಳಿ ಅಂಗಿ ಏನೇನು ಮಾಡುತ್ತದೆ ಎಂದು ಒಗೆಯುವವಳನ್ನು ಕೇಳಬೇಕು. ನಮ್ಮ ಬೋರಿನದು ಸವಳು ನೀರು. ಬಿಳಿ ಬಟ್ಟೆ ಎರಡು ಸಲ ನೆನೆದರೆ ಸಾಕು, ಹಳದಿಗೆ ತಿರುಗುತ್ತದೆ. ಅದಕ್ಕೆ ಸೋಡಾ, ಆಮೇಲೆ ನೀಲಿ, ಆಮೇಲೆ ಗಂಜಿ. ನೀಲಿ ಕಡಿಮೆಯಾದರೆ ಒಂದು ರೇಗು, ಹೆಚ್ಚಾದರೆ ಇನ್ನೊಂದು. ಊರಿಗೆ ಕಾಣುವುದು ಹೊರಗಿನ ಬಿಳಿ. ಕಾಲರಿನ ಒಳಗಡೆ, ತೋಳಿನ ಮಡಿಕೆ, ಜೇಬು ನನ್ನ ಪಾಲಿಗೆ. ಬೆವರಿನ ಜಿಡ್ಡು, ಗುಟ್ಕಾದ ಕಂದು, ತಲೆಗೆ ಹಚ್ಚಿಕೊಳ್ಳಲು ಶುರು ಮಾಡಿದ್ದ ಕರಿ ಬಣ್ಣದ ಗೆರೆ, ನಮ್ಮ ಮನೆಯಲ್ಲಿ ಎಂದೂ ಬೇಯಿಸದ ಸಾರಿನ ಕಲೆ. ಮೇಲೆ ಥಳುಕು ಒಳಗೆ ಹುಳುಕು ಎನ್ನುವುದನ್ನು ನಾನು ಬ್ರಷ್ಷಿನಿಂದ ಉಜ್ಜಿ ಉಜ್ಜಿ ಕಲಿತೆ. ಆ ವಾಸನೆ ಈಗಲೂ ಮೂಗಿನಲ್ಲಿದೆ.

ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಆ ಬಟ್ಟೆ ಮನುಷ್ಯನನ್ನು ಮನೆಯಿಂದಲೇ ದೂರ ಮಾಡಿತು. ಕುರ್ಚಿಯ ಮೇಲೆ ಟವೆಲ್ ಹಾಸಿಕೊಂಡು ಕೂರುವರು. ಎಣ್ಣೆಗಾಯಿ ಮಾಡಿದರೆ ಎಣ್ಣೆ ಸಿಡಿಯುತ್ತದೆಂದು ಮೊಸರನ್ನ ಕೇಳುವರು. ಅಂಗಡಿಯ ಹಾಸಿನ ಮೇಲೆ ಕೂತು ಬಟ್ಟೆಯ ತಾನು ಬಿಚ್ಚಿ ತೋರಿಸುವುದು ನಿಂತೇ ಹೋಯಿತು. ಬಾಗಿಲಲ್ಲಿ ನಿಂತು ನನಗೆ ಬೆರಳು ತೋರಿಸಿ, "ಅದು ಕೊಡು, ಇದು ತೆಗಿ" ಎನ್ನುವರು. ಗಿರಾಕಿಯನ್ನು ಬಿಸಿಲಿಗೆ ಕರೆಯುತ್ತಿರಲಿಲ್ಲ, ಬಿಸಿಲಿಗೆ ಹೋದರೆ ಬೆವರುತ್ತದಲ್ಲ. ಊರಿನವರ ಮನೆಯಲ್ಲಿ ಕಷ್ಟ ಬಂದರೆ ಧಣಿಯ ಪರವಾಗಿ ಮೊದಲು ಓಡುವರು. ಊರಿಗೆ ಉಪಕಾರಿ, ಮನೆಗೆ ಮಾರಿ.

ಮಗಳು ಆಗ ಎರಡನೇ ಕ್ಲಾಸು. ಅವಳಿಗೆ ಇದೇನೂ ತಿಳಿಯದು. ಸಾಲೆಯಿಂದ ಬಂದವಳೇ ಕೈ ಚಾಚಿಕೊಂಡು ಓಡುವಳು. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಕೈ ತೊಳಕೊಂಡು ಬಾ" ಎನ್ನುವರು. ಅವಳು ತೊಳೆದುಕೊಂಡು ಬರುವಷ್ಟರಲ್ಲಿ ಹೊರಗೆ ಧಣಿಯ ಜೀಪಿನ ಹಾರ್ನ್ ಆಗಿರುತ್ತಿತ್ತು. ಅಪ್ಪ ಮೊದಲಿನ ಹಾಗೆ ತನ್ನನ್ನು ಎತ್ತಿಕೊಳ್ಳಬೇಕು ಎನ್ನುವುದೊಂದು ಬಿಟ್ಟರೆ ಆ ಮಗುವಿಗೆ ಬೇರೆ ಆಸೆ ಇರಲಿಲ್ಲ. ಹೊಸ ಬ್ಯಾಗು ಕೊಡಿಸಲೇನು ಎಂದು ಕೇಳಿದರೂ, "ಬ್ಯಾಡ, ಅಪ್ಪಗ ಎತ್ಕೊ ಅನ್ನು" ಎನ್ನುವಳು.

ಹೀಗಿರುವಾಗ ಕೂಡ್ಲಿಗಿಯಲ್ಲಿ ಧಣಿಯದೊಂದು ಸಮಾರಂಭ ಬಂತು. ದೊಡ್ಡವರು ಯಾರೋ ಬರುತ್ತಾರೆ, ಹೆಂಗಸರು ಸಾಲಾಗಿ ಪೂರ್ಣಕುಂಭ ಹೊತ್ತು ಎದುರುಗೊಳ್ಳಬೇಕು ಎಂದಾಯಿತು. ಬೆಂಬಲಿಗರ ಹೆಂಡತಿಯರು, ಅಕ್ಕತಂಗಿಯರು ಎಲ್ಲರಿಗೂ ಒಂದೇ ಸೀರೆ. ಗಂಟುಗಂಟಾಗಿ ನಮ್ಮ ಅಂಗಡಿಗೇ ಬಂದು ಬಿದ್ದವು, ರವಿಕೆ ಬಟ್ಟೆ ಹೊಂದಿಸಿ ಹಂಚಲಿಕ್ಕೆ. ಬಿಚ್ಚಿ ನೋಡಿದರೆ ರಾಣಿ ಬಣ್ಣ, ಅಂದರೆ ಕಡು ಗುಲಾಬಿ. ಒಳ್ಳೆಯ ರಾಣಿ ಬಣ್ಣ ನೋಡಲು ಚಂದ, ನಾನು ಅಲ್ಲ ಅನ್ನುವುದಿಲ್ಲ. ಇದು ಕಣ್ಣಿಗೆ ಚುಚ್ಚುವಂಥದ್ದು, ಮೇಲೆ ಅಗ್ಗದ ತೆಳು ಕಾಟನ್ನು, ಕೈಯಿಟ್ಟರೆ ಒರಟು.

"ವಯಸ್ಸಾದೋರು, ಹುಡುಗಿಯರು, ಕರ್ರಗಿರೋರು, ಬೆಳ್ಳಗಿರೋರು, ಎಲ್ಲಾರಿಗೂ ಇದ ಏನ್ರಿ?" ಎಂದೆ.

"ಎಲ್ಲಾರೂ ಒಂದ ಬಣ್ಣ ಉಟ್ರ ಮ್ಯಾಲಿಂದ ನೋಡಾಕ ಚಂದ ಕಾಣತೈತಿ."

"ಮ್ಯಾಲಿಂದ ಯಾರು ನೋಡ್ತಾರ?"

"ವೇದಿಕಿ ಮ್ಯಾಲಿಂದ" ಎಂದರು, ನಾನು ಏನೋ ದಡ್ಡ ಪ್ರಶ್ನೆ ಕೇಳಿದ ಹಾಗೆ.

ಬೆರಳನ್ನು ಒದ್ದೆ ಮಾಡಿ ಸೆರಗಿಗೆ ಉಜ್ಜಿ ತೋರಿಸಿದೆ. ಬೆರಳು ರಾಣಿ ಬಣ್ಣವಾಯಿತು. "ಬಣ್ಣ ಬಿಡತೈತಿ ನೋಡ್ರಿ ಇದು. ನೀರಿನ ಕೊಡ ಹೊತ್ಕೊಂಡು ಬಿಸಿಲಾಗ ನಿಲ್ಲೋರು ನಾವು."

ಮೊದಲಾಗಿದ್ದರೆ ಬಣ್ಣ ಬಿಡುವ ತಾನನ್ನು ಏಜೆಂಟನ ಮುಖಕ್ಕೆ ಎಸೆದು ಕಳಿಸುತ್ತಿದ್ದ ಮನುಷ್ಯ ನನ್ನ ಬೆರಳಿನ ಕಡೆ ಸರಿಯಾಗಿ ನೋಡಲೂ ಇಲ್ಲ. "ಒಂದ ದಿನಕ್ಕ ಏನಕ್ಕತಿ" ಎಂದರು. ನಾನು ಉಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ಅವರು ಕೂಗಾಡಲಿಲ್ಲ. "ನನ್ನ ಹೆಂಡ್ತಿನ ಬರಲಿಲ್ಲಂದ್ರ ಧಣಿಯೋರ ಮುಂದ ನಾ ಹೆಂಗ ನಿಲ್ಲಲಿ" ಎಂದು ಮಗುವಿನ ಹಾಗೆ ಮೋರೆ ಮಾಡಿದರು. ಅದನ್ನು ನೋಡಿ ನನಗೆ ಇನ್ನಷ್ಟು ಹೇಸಿಗೆಯಾಯಿತು. ನಾನು ಹೋದದ್ದು ಅವರಿಗಾಗಿ ಅಲ್ಲ. ಮಗಳು ಹಟ ಹಿಡಿದಿದ್ದಳು. ಜನ ಸೇರಿದಲ್ಲಿ ಎಲ್ಲ ಅಪ್ಪಂದಿರೂ ಮಕ್ಕಳನ್ನು ಎತ್ತಿಕೊಂಡೇ ಇರುತ್ತಾರೆ, ಅಲ್ಲಿ ತನ್ನ ಅಪ್ಪನೂ ಎತ್ತಿಕೊಳ್ಳುತ್ತಾನೆ ಎಂದು ಅವಳ ನಂಬಿಕೆ.

ಬೆಳಿಗ್ಗೆಯೇ ನಮ್ಮನ್ನು ಟೆಂಪೋದಲ್ಲಿ ತುಂಬಿ ಕೂಡ್ಲಿಗಿಗೆ ಒಯ್ದರು. ತಲೆಗೆ ಹಡಗಲಿ ಮಲ್ಲಿಗೆ, ತಲೆಯ ಮೇಲೆ ಕೊಡ, ರಸ್ತೆಯ ಎರಡೂ ಕಡೆ ರಾಣಿ ಬಣ್ಣದ ಹೆಂಗಸರು. ಬರಬೇಕಾದವರು ಬರಲಿಲ್ಲ. ಬಿಸಿಲೇರಿತು. ಕೊಡದ ನೀರು ತುಳುಕಿ ಹೆಗಲ ಮೇಲೆ ಇಳಿಯತೊಡಗಿತು, ಒಳಗಿಂದ ಬೆವರು. ಮೊದಲು ನನ್ನ ಮುಂದಿನ ಮುದುಕಿಯ ಕತ್ತಿನ ಮೇಲೆ ಒಂದು ರಾಣಿ ಬಣ್ಣದ ಗೆರೆ ಕಂಡಿತು. ನೋಡನೋಡುತ್ತಾ ಎಲ್ಲರ ಕುತ್ತಿಗೆ, ತೋಳು, ಕಿವಿಯ ಹಿಂದೆ ಬಣ್ಣ ಹರಿಯಿತು. ಮುಖ ಒರೆಸಿಕೊಂಡವರ ಮುಖವೂ ಹೋಯಿತು. ಒಬ್ಬರನ್ನೊಬ್ಬರು ನೋಡಿ ನಗಲು ಶುರು ಮಾಡಿದವರು ಆಮೇಲೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡರು. ಬಿಳಿ ಅಂಗಿಯವರು ಶಾಮಿಯಾನದ ನೆರಳಿನಲ್ಲಿ ಸೋಡಾ ಕುಡಿಯುತ್ತಾ, "ಸಾಲು ಬಿಡಬ್ಯಾಡ್ರಿ, ಸಾಲು ಬಿಡಬ್ಯಾಡ್ರಿ" ಎಂದು ಕೂಗುತ್ತಿದ್ದರು. ಉಗಿಯಬೇಕು ಅನಿಸಿತು. ಬಾಯಲ್ಲಿ ಉಗುಳೂ ಇರಲಿಲ್ಲ.

ಮಗಳು ಅಷ್ಟು ಹೊತ್ತೂ ನನ್ನ ಒದ್ದೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕಾರುಗಳು ಬಂದಾಗ ಪಟಾಕಿ ಹೊಡೆದರು, ಜನ ಒಮ್ಮೆಗೇ ಮುಂದಕ್ಕೆ ನುಗ್ಗಿದರು. ನೂಕಾಟದಲ್ಲಿ ಅವಳ ಕೈ ತಪ್ಪಿತು. ನಾನು ಕೊಡ ಕೆಳಗಿಟ್ಟು ತಿರುಗುವಷ್ಟರಲ್ಲಿ ಅವಳು ಜಲ್ಲಿಯ ಮೇಲೆ ಬಿದ್ದಿದ್ದಳು. ಮೊಣಕಾಲಿನ ಚರ್ಮ ಕಿತ್ತು ರಕ್ತ ಬರುತ್ತಿತ್ತು. ಎದ್ದವಳು ಅಳುತ್ತಾ ನನ್ನ ಕಡೆ ಬರಲಿಲ್ಲ. ವೇದಿಕೆಯ ಮೆಟ್ಟಿಲ ಹತ್ತಿರ ಅಪ್ಪ ನಿಂತಿದ್ದು ಅವಳಿಗೆ ಕಂಡಿತ್ತು. ಕೈ ಚಾಚಿಕೊಂಡು ಅತ್ತಲೇ ಓಡಿದಳು.

ಅವರು ಅವಳನ್ನು ನೋಡಿದರು. ಮೊಣಕಾಲನ್ನಲ್ಲ, ಕೈಗಳನ್ನು. ಎರಡು ಅಂಗೈಯೂ ರಾಣಿ ಬಣ್ಣ. ಪೊಲೀಸರು ಬಂದೂಕು ಹಿಡಿದಾಗ ಎತ್ತುವ ಹಾಗೆ ತಮ್ಮ ಎರಡು ಕೈಗಳನ್ನೂ ಮೇಲಕ್ಕೆತ್ತಿ ಹಿಂದೆ ಸರಿದರು. "ಏ, ಮುಟ್ಟಬ್ಯಾಡ, ಮುಟ್ಟಬ್ಯಾಡ, ಅಂಗಿ ಹಾಳಕ್ಕತಿ" ಎಂದರು. ಪಕ್ಕದಲ್ಲಿದ್ದ ಬಿಳಿ ಅಂಗಿಗಳೂ ಹಿಂದೆ ಸರಿದವು. ಯಾರೋ ನಕ್ಕರು. ಅಷ್ಟರಲ್ಲಿ ಅವಳ ಒಂದು ಕೈ ಅಂಗಿಯ ತುದಿಗೆ ತಾಗಿಬಿಟ್ಟಿತ್ತು. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡೆ. ಅವಳು ಅಳು ನಿಲ್ಲಿಸಿ ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಾನು ಸಾಲಿಗೆ ಮರಳಲಿಲ್ಲ. ಅವಳನ್ನು ಎತ್ತಿಕೊಂಡು ಬಸ್‌ ನಿಲ್ದಾಣಕ್ಕೆ ನಡೆದೆ. ಕೊಟ್ಟೂರು ಬಸ್ಸಿನಲ್ಲಿ ಜನ ನಮ್ಮಿಬ್ಬರ ಮುಖ ನೋಡಿ ಜಾಗ ಬಿಟ್ಟುಕೊಟ್ಟರು, ಕರುಣೆಯಿಂದ ಅಲ್ಲ, ತಮಗೆ ಬಣ್ಣ ಹತ್ತೀತೆಂದು.

ಮನೆಗೆ ಬಂದವಳೇ ಅವಳ ಗಾಯ ತೊಳೆದು ಅರಿಸಿನ ಒತ್ತಿದೆ. ಸೀರೆ ಬಿಚ್ಚಿ ದೊಡ್ಡ ಬಕೀಟಿನಲ್ಲಿ ಅದ್ದಿದೆ. ನೀರು ಕ್ಷಣದಲ್ಲಿ ಕಡುರಾಣಿಯಾಯಿತು. ಮಗಳು ಬಚ್ಚಲ ಕಲ್ಲಿನ ಮೇಲೆ ಕೂತು ಸೋಪು ಹಚ್ಚಿ ಕೈ ಉಜ್ಜಿಕೊಳ್ಳುತ್ತಲೇ ಇದ್ದಳು. ಬಣ್ಣ ಹೋಗಲಿಲ್ಲ. ಚರ್ಮ ಕೆಂಪಾಗಿದ್ದೊಂದೇ ಬಂತು. ಸಾಕು ಬಿಡವ್ವ ಎಂದರೂ ಕೇಳಲಿಲ್ಲ.

ಸಂಜೆ ಅವರು ಬಂದರು. ಅಂಗಿ ಕಳಚಿ ಲುಂಗಿ ಸುತ್ತಿಕೊಂಡು, ಅಂಗಿಯ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ಬಚ್ಚಲ ಬಾಗಿಲಿಗೆ ಬಂದರು. ತುದಿಯಲ್ಲಿ ಮೂರು ಪುಟ್ಟ ಬೆರಳಿನ ಗುರುತು.

"ಇದನ್ನ ತೆಗಿ. ನಾಳೆ ಮತ್ತ ಧಣಿಯೋರ ಕೂಡ ಹಗರಿಬೊಮ್ಮನಹಳ್ಳಿಗೆ ಹೋಗಬೇಕು" ಎಂದರು.

ಮಗಳ ಮೊಣಕಾಲು ಏನಾಯಿತು ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಅವರ ಎದುರಿಗೇ ಕೂತಿದ್ದ ಮಗಳು ಸೋಪಿನ ಕೈಗಳನ್ನು ನನ್ನ ಕಡೆ ಹಿಡಿದು, "ಅವ್ವ, ಇದು ಹೋದ್ರ ಅಪ್ಪ ಎತ್ಕೊಂತಾನ?" ಎಂದಳು. ಅವರಿಗೆ ಕೇಳಿಸಿತು. ಕೇಳಿಸಿದರೂ, "ಮೊದ್ಲು ಅಂಗಿ ನೋಡು" ಎಂದರು.

ನಾನು ಅಂಗಿ ಇಸಿದುಕೊಂಡೆ. ರಾಣಿ ಬಣ್ಣದ ಸೀರೆ ನೆನೆಸಿದ ಬಕೀಟಿಗೆ ಹಾಕಿ, ಮೊಣಕೈಯವರೆಗೆ ಕೈ ಬಿಟ್ಟು ಅದುಮಿದೆ. ಆಮೇಲೆ ಬೀರು ತೆರೆದು, ಗಂಜಿ ಹಾಕಿ ಮಡಿಚಿಟ್ಟಿದ್ದ ಅಷ್ಟೂ ಬಿಳಿ ಬಟ್ಟೆ ತಂದು ಅದರಲ್ಲೇ ಅದ್ದಿದೆ. ಅವರು ನನ್ನ ರಟ್ಟೆ ಹಿಡಿಯಲು ಬಂದರು. ನನ್ನ ಕೈಯಿಂದ ಬಣ್ಣ ತೊಟ್ಟಿಕ್ಕುತ್ತಿತ್ತು, ಹಿಂದೆ ಸರಿದರು. "ಇವತ್ತಿಂದ ನಿಮ್ ಬಿಳಿ ನೀವ ಒಕ್ಕೊಳ್ರಿ" ಎಂದೆ. ಅಂಗಿಗಳನ್ನು ಒಂದೊಂದಾಗಿ ಹಿಂಡಿ ಬೀದಿಗೆ ಕಾಣುವ ಹಾಗೆ ಮುಂದಿನ ಹಗ್ಗಕ್ಕೆ ಹರವಿದೆ. ಒಂದೂ ಸಮವಾಗಿ ಹಿಡಿದಿರಲಿಲ್ಲ, ಎಲ್ಲ ತೇಪೆ ತೇಪೆ, ನೋಡಲು ಅಸಹ್ಯ. ನನಗೇನೂ ಸಮಾಧಾನವಾಗಲಿಲ್ಲ. ಆದರೆ ಅದನ್ನು ಅವರು ಸರಿಯಾಗಿ ನೋಡಲಿ ಎಂದು ತೆಗೆಯದೆ ಬಿಟ್ಟೆ.

ಮರುದಿನ ತೊಡಲು ಏನೂ ಇಲ್ಲದೆ ಬನಿಯನ್ನಿನಲ್ಲೇ ಪಡಸಾಲೆಯಲ್ಲಿ ಕೂತಿದ್ದರು. ಹೊರಗೆ ಜೀಪು ಹಾರ್ನ್ ಹೊಡೆದು, ಕಾದು, ಹೊರಟುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಮಗಳು ಸಾಲೆಗೆ ಹೊರಟು ಬಾಗಿಲಿಗೆ ಬಂದಳು. ಅವರು ಅವಳ ಮೊಣಕಾಲಿನ ಅರಿಸಿನ ನೋಡಿದರು. ಬಹಳ ದಿನಗಳ ಮೇಲೆ ತಾವಾಗಿಯೇ ಎರಡು ಕೈ ಚಾಚಿ, "ಬಾರವ್ವ" ಎಂದರು. ಅವಳು ಹೊಸ್ತಿಲು ದಾಟಲಿಲ್ಲ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, "ಬ್ಯಾಡಪ್ಪ, ಇನ್ನೂ ಬಣ್ಣ ಐತಿ" ಎಂದು ಹೇಳಿ ಸಾಲೆಗೆ ಹೋದಳು.